ಊದಬಾರದು, ಅಳಬಾರದು

ಹುಲಿಗೆಮ್ಮ ನಡೆಯುವುದನ್ನು ನಾನು ಮೊದಲು ಕಂಡದ್ದು ಹುಬ್ಬಳ್ಳಿಯ ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ. ಅದಕ್ಕೂ ಮುಂಚೆ ನಾವೆಲ್ಲ ನೋಡಿದ್ದು ಅವಳು ಓಡುವುದನ್ನೇ. ಸ್ಟಾಫ್ ರೂಮಿನಿಂದ ಮೈದಾನಕ್ಕೆ ಓಡುತ್ತಿದ್ದಳು, ಮೈದಾನದಿಂದ ಹೆಡ್‌ಮಾಸ್ತರರ ಕೋಣೆಗೆ ಓಡುತ್ತಿದ್ದಳು, ಬಿಸಿಯೂಟದ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬರುವುದಿದ್ದರೂ ಓಡಿಯೇ ಹೋಗಿ ಓಡಿಯೇ ಬರುತ್ತಿದ್ದಳು. ಚೂಡಿದಾರದ ವೇಲು ಸೊಂಟಕ್ಕೆ ಬಿಗಿದಿರುತ್ತಿತ್ತು. ಕೊರಳಲ್ಲಿ ಕರಿದಾರಕ್ಕೆ ಪೋಣಿಸಿದ ಸೀಟಿ. ಅದನ್ನು ಅವಳು ಊದಿದರೆ ಶಾಲೆಯ ಹಿಂದಿನ ಹೊಲದಲ್ಲಿ ಮೇಯುವ ಕುರಿಗಳು ಕತ್ತೆತ್ತಿ ನೋಡುತ್ತಿದ್ದವು.

ನಮ್ಮದು ಹನುಮಸಾಗರದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆ. ನಾನು ಅಲ್ಲಿ ಗಣಿತ ಕಲಿಸುತ್ತೇನೆ. ಹುಟ್ಟೂರು ಗಂಗಾವತಿ. ಕಾಲುವೆ ನೀರು, ಭತ್ತದ ಗದ್ದೆ, ರೈಸ್ ಮಿಲ್ಲಿನ ಹೊಟ್ಟಿನ ವಾಸನೆ ಇವುಗಳ ನಡುವೆ ಬೆಳೆದವಳಿಗೆ ಇಲ್ಲಿಯ ಒಣ ಬಯಲು ಮೊದಮೊದಲು ಕಣ್ಣಿಗೇ ಒಗ್ಗಿರಲಿಲ್ಲ. ನಾನಿನ್ನೂ ವರ್ಗಾವಣೆಯ ಕನಸು ಕಾಣುತ್ತಿದ್ದ ದಿನಗಳಲ್ಲಿ ಹುಲಿಗೆಮ್ಮ ದೈಹಿಕ ಶಿಕ್ಷಣದ ಟೀಚರಾಗಿ ಬಂದಳು. ನನಗಿಂತ ಆರೇಳು ವರ್ಷ ಚಿಕ್ಕವಳು. ಯಲಬುರ್ಗಾ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯವಳು. ತಂದೆ ಅವಳು ಕೂಸಿದ್ದಾಗಲೇ ತೀರಿಕೊಂಡಿದ್ದ. ತಾಯಿ ದುರಗವ್ವ ಕೂಲಿ ಮಾಡಿ, ಆಡು ಸಾಕಿ ಇಬ್ಬರು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದ್ದಳು. ಅಣ್ಣ ಯಮನೂರಪ್ಪ ಊರಲ್ಲೇ ಬೇಸಾಯ ಮಾಡಿಕೊಂಡಿದ್ದ. ತಂಗಿ ಖೋ ಖೋ ಆಡುತ್ತಾ ಆಡುತ್ತಾ ನೌಕರಿಗೇ ಬಂದು ಮುಟ್ಟಿದ್ದಳು. ನಮ್ಮ ಮನೆಯ ಹಿಂದಿನ ಎರಡು ಕೋಣೆಗಳನ್ನು ಬಾಡಿಗೆ ಹಿಡಿದು ತಾಯಿ ಮಗಳು ಸಂಸಾರ ಹೂಡಿದರು. ನನ್ನನ್ನು ಅವಳು ಮೊದಲ ದಿನದಿಂದಲೇ "ಅಕ್ಕಾರ" ಎಂದಳು.

ಮಕ್ಕಳು ಅವಳಿಗೆ ಇಟ್ಟ ಹೆಸರು ಹುಲಿ ಟೀಚರ್. ಅದು ಅವಳಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಆದರೆ ಅವಳು ಯಾರಿಗೂ ಹೊಡೆದವಳಲ್ಲ. ಖೋ ಖೋ ಆಡುವಾಗ ಯಾವಳಾದರೂ ಬಿದ್ದು ಮೊಣಕಾಲು ಕೆತ್ತಿಕೊಂಡು ಮುಸುಮುಸು ಎನ್ನತೊಡಗಿದರೆ ಅವಳ ಪಕ್ಕಕ್ಕೆ ಓಡಿ ಹೋಗಿ ಕುಕ್ಕರಗಾಲಲ್ಲಿ ಕೂತು, "ಮೊದಲ ಏಳು. ಓಡು. ಆಟ ಮುಗೀಲಿ, ಆಮ್ಯಾಲೆ ಬೇಕಾದ್ರ ಇಬ್ಬರೂ ಕೂಡಿ ಅಳೂಣು," ಎನ್ನುತ್ತಿದ್ದಳು. ಆಟ ಮುಗಿಯುವ ಹೊತ್ತಿಗೆ ಆ ಹುಡುಗಿಗೆ ಅಳು ಮರೆತೇ ಹೋಗಿರುತ್ತಿತ್ತು. ಇವಳು ಬಿಡುತ್ತಿರಲಿಲ್ಲ. "ಬಾರವ್ವಾ, ಅಳೂಣಂತ ಮಾತಾಗಿತ್ತಲ್ಲ?" ಎಂದು ಕೆಣಕುತ್ತಿದ್ದಳು.

ಚಹಾ ಆರುವವರೆಗೂ ಕಾಯುವ ತಾಳ್ಮೆ ಅವಳಿಗಿರಲಿಲ್ಲ. ಕುದಿಯುವ ಚಹಾವನ್ನು ಬಸಿಗೆ ಸುರಿದು ಫೂ ಫೂ ಎಂದು ಊದಿ ಒಂದೇ ಗುಟುಕಿಗೆ ಮುಗಿಸಿ, ನಮ್ಮ ಲೋಟಗಳ ಕಡೆ ನೋಡಿ, "ಇನ್ನೂ ಪೂಜಿ ಮಾಡಾಕತ್ತೀರೇನ್ರಿ?" ಎಂದು ಎದ್ದುಬಿಡುತ್ತಿದ್ದಳು.

ಅವಳ ಬಗ್ಗೆ ನೆನೆದಾಗಲೆಲ್ಲ ನನಗೆ ಸಂಗಪ್ಪನ ಹೊಲದ ಪ್ರಸಂಗ ನೆನಪಾಗುತ್ತದೆ. ನಮ್ಮ ಶಾಲೆಯಲ್ಲೇ ಓದುತ್ತಿದ್ದ ಸಂಗಪ್ಪನ ಮಗಳು ಗಾಳಿಯಂತೆ ಓಡುತ್ತಿದ್ದಳು. ಅಪ್ಪ ಮಾತ್ರ ಅವಳನ್ನು ಬೇರೆ ಊರಿಗೆ ಆಡಲು ಕಳಿಸಲು ಸುತರಾಂ ಒಪ್ಪಲಿಲ್ಲ. ಒಂದು ಭಾನುವಾರ ಹುಲಿಗೆಮ್ಮ ನನ್ನನ್ನೂ ಎಳೆದುಕೊಂಡು ಅವರ ಹೊಲಕ್ಕೆ ಹೋದಳು. ಸಜ್ಜೆ ಕೊಯ್ದ ಹೊಲ. ಸಂಗಪ್ಪ ದಂಟು ಕಟ್ಟುತ್ತಿದ್ದವನು ತಲೆ ಎತ್ತದೆಯೇ ಹೇಳಿದ:

"ಹೆಣ್ಣುಡುಗಿ ಚಡ್ಡಿ ಹಾಕ್ಕೊಂಡು ಮಂದಿ ಮುಂದ ಓಡಿದ್ರ ನಾಳೆ ಯಾರು ಮಾಡ್ಕೊಳ್ತಾರ್ರೀ ಅಕೀನ್ನ?"

"ಚಡ್ಡಿ ಅಲ್ರೀ ಯಣ್ಣಾ, ಉದ್ದನ್ನ ಪ್ಯಾಂಟು."

"ಎಂಥದಾದ್ರೂ ಆಗಲಿ. ಕಳಸಂಗಿಲ್ಲ."

ಹುಲಿಗೆಮ್ಮ ಹೊಲವನ್ನು ಒಮ್ಮೆ ಉದ್ದಕ್ಕೂ ನೋಡಿದಳು. "ಹಂಗಾರ ಒಂದು ಕೆಲಸ ಮಾಡೂಣು. ಈ ಬದುವಿನಿಂದ ಆ ಬದುವಿಗೆ ನೀವೂ ನಾನೂ ಓಡೂಣು. ನೀವು ಗೆದ್ರ ನಾ ಮತ್ತ ನಿಮ್ಮ ಹೊಲಕ್ಕ ಕಾಲಿಡಂಗಿಲ್ಲ. ನಾ ಗೆದ್ರ ಕೂಸಿನ್ನ ಕಳಸ್ರಿ."

ಸಂಗಪ್ಪ ಸೊಂಟದ ಮೇಲೆ ಕೈಯಿಟ್ಟು ಅವಳನ್ನು ಮೇಲಿಂದ ಕೆಳಗೆ ನೋಡಿದ. ಅವನ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದ್ದಳು. ಆ ನಗೆಯೇ ಅವನನ್ನು ಸಿಕ್ಕಿಸಿತು. ಧೋತರ ಮೇಲೆ ಕಟ್ಟಿದ. ಅರ್ಧ ಹೊಲದವರೆಗೆ ಅವನೇ ಮುಂದಿದ್ದ, ಅದು ನಿಜ. ಆಮೇಲೆ ಹುಲಿಗೆಮ್ಮ ಅವನ ಪಕ್ಕದಿಂದ ಹಾದು ಹೋದದ್ದು ನನಗೂ ಸರಿಯಾಗಿ ಕಾಣಲಿಲ್ಲ, ಅಷ್ಟು ಬೇಗ. ಆ ಬದುವಿನ ಮೇಲೆ ನಿಂತು ಅವಳು ಎರಡೂ ಕೈ ಮುಗಿದಳು. ಸಂಗಪ್ಪ ಏದುಸಿರು ಬಿಡುತ್ತಾ, "ನೀನು ಹೆಂಗಸಲ್ಲವ್ವಾ, ಕುದುರಿ," ಎಂದ. ಮುಂದಿನ ಪಂದ್ಯಕ್ಕೆ ಮಗಳ ಜೊತೆ ತಾನೂ ಬಂದು ಕಂಪೌಂಡಿನ ಹೊರಗೆ ನಿಂತು ನೋಡಿದ.

ಅದೇ ಪಂದ್ಯ. ಕುಷ್ಟಗಿಯಲ್ಲಿ, ತಾಲ್ಲೂಕು ಮಟ್ಟದ್ದು. ನಮ್ಮ ಹುಡುಗಿಯರ ಆಟ ಮುಗಿದಿತ್ತು, ಗೆದ್ದಿದ್ದರು. ಬೇರೆ ಎರಡು ಶಾಲೆಗಳ ಆಟಕ್ಕೆ ಹುಲಿಗೆಮ್ಮನನ್ನು ಅಂಪೈರ್ ಮಾಡಿದ್ದರು. ಬಿಸಿಲಲ್ಲಿ ಅಂಕಣದ ಉದ್ದಕ್ಕೂ ಓಡುತ್ತಾ ಒಂದರ ಹಿಂದೊಂದು ಸೀಟಿ ಊದುತ್ತಿದ್ದಳು. ಇದ್ದಕ್ಕಿದ್ದಂತೆ ಸೀಟಿ ಅವಳ ತುಟಿಯಿಂದ ಜಾರಿ ಎದೆಯ ಮೇಲೆ ಬಿತ್ತು. ಬಲಗೈ ಎತ್ತಲು ಹೋದಳು. ಅದು ಮೇಲೇಳಲಿಲ್ಲ. ಅವಳು ಆ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಾ ನಿಂತಳು. ನಾನು ನೀರಿನ ಬಾಟಲಿ ಹಿಡಿದು ಓಡಿದೆ. ಏನೋ ಹೇಳಿದಳು, ಮಾತು ತೊದಲುತ್ತಿತ್ತು. ನೆರಳಿಗೆ ಕರೆತಂದು ಕೂರಿಸಿ ಮುಖಕ್ಕೆ ನೀರು ಹಾಕುವಷ್ಟರಲ್ಲಿ ಬೆರಳುಗಳು ಒಂದೊಂದಾಗಿ ಆಡತೊಡಗಿದವು. ಅವಳು ಮುಷ್ಟಿ ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ ನೋಡಿ ನಕ್ಕಳು. "ಕೈಗೆ ಜೋಮು ಹಿಡದಿತ್ರಿ ಅಕ್ಕಾರ. ಬಿಸಲು ಭಾಳ ಐತಲ್ಲ."

ಬಿಸಿಲೇ ಇರಬೇಕು ಎಂದುಕೊಂಡೆವು. ಶಾಲೆಯ ವಾರ್ಷಿಕೋತ್ಸವಕ್ಕೆ ಬಲೂನು ಊದುತ್ತಾ ಕೂತಿದ್ದಾಗ ಮತ್ತೆ ಬಂತು. ಅರ್ಧ ಊದಿದ ಬಲೂನು ಕೈಯಿಂದ ತಪ್ಪಿಸಿಕೊಂಡು ಹೋಗಿ ವೇದಿಕೆಯ ಮೇಲೆಲ್ಲ ಹಾರಾಡಿತು, ಮಕ್ಕಳು ಚಪ್ಪಾಳೆ ತಟ್ಟಿದರು, ಅವಳ ಕೈ ಮಡಿಲಲ್ಲಿ ಸತ್ತಂತೆ ಬಿದ್ದಿತ್ತು. ಆಗಲೂ ಸ್ವಲ್ಪ ಹೊತ್ತಿಗೆ ಸರಿಹೋಯಿತು. ಇನ್ನೊಂದು ಸಲ, ಸ್ನಾನದ ನೀರು ಕಾಯಿಸಲು ಒಲೆ ಊದುತ್ತಾ ಕೂತಿದ್ದವಳ ಕೈಯಿಂದ ಊದುಗೊಳವೆ ಉರುಳಿತು. ದುರಗವ್ವ ನಮ್ಮ ಹಿತ್ತಿಲ ಬಾಗಿಲಿಗೆ ಓಡಿ ಬಂದು, "ನನ್ನ ಮಗಳಿಗೆ ಏನೋ ಸೋಕೈತಿ ನೋಡ್ರೀ ಟೀಚರ್. ಬಾಯಿ ಸೊಟ್ಟಗಾಗಿತ್ತು, ಈಗ ಮತ್ತ ನೆಟ್ಟಗ ಮಾತಾಡ್ತಾಳ," ಎಂದಳು. ಸೀಟಿ, ಬಲೂನು, ಒಲೆ. ಮೂರೂ ಸಲ ಅವಳು ಊದುತ್ತಿದ್ದಳು ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ನಾನೇ ಅವಳನ್ನು ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬಿಪಿ ನೋಡಿದರು, ಸಕ್ಕರೆ ನೋಡಿದರು. ಎರಡೂ ಸರಿಯಾಗಿದ್ದವು. ಮೂವತ್ತೆರಡರ ಹರೆಯಕ್ಕೆ ಲಕ್ವಾ ಹೊಡೆಯುವುದಿಲ್ಲ, ಹೊಡೆದರೆ ಹೀಗೆ ಬಂದು ಹೀಗೆ ಹೋಗುವುದಿಲ್ಲ, ಇದೆಲ್ಲ ಮನಸ್ಸಿನ ಒತ್ತಡ ಎಂದರು. ಮದುವೆಯಾಗಿದೆಯೇ ಎಂದು ಕೇಳಿದರು. ಇಲ್ಲ ಎಂದಾಗ, ಅದೊಂದು ಆಗಿಬಿಟ್ಟರೆ ತಾನೇ ಸರಿಹೋಗುತ್ತದೆ ಎಂದು ಟಾನಿಕ್ ಬರೆದುಕೊಟ್ಟರು. ಬಸ್ಸಿನಲ್ಲಿ ಕೂತ ಮೇಲೆ ಹುಲಿಗೆಮ್ಮ ಗಂಭೀರವಾಗಿ ಹೇಳಿದಳು: "ಮದುವಿ ಅನ್ನೂ ಗುಳಿಗಿ ಬರದು ಕೊಟ್ಟಾರ ಅಕ್ಕಾರ. ಊಟಕ್ಕ ಮೊದಲ ನುಂಗೂದೋ, ಊಟ ಆದ ಮ್ಯಾಲೋ, ಕೇಳೂದು ಮರತೆ." ನಾನು ನಕ್ಕೆ. ಅವಳು ಕಿಟಕಿಯ ಹೊರಗೆ ನೋಡತೊಡಗಿದಳು. ಬಲಗೈಯ ಮುಷ್ಟಿಯನ್ನು ದಾರಿಯುದ್ದಕ್ಕೂ ಕಟ್ಟುತ್ತಾ ಬಿಚ್ಚುತ್ತಾ ಇದ್ದಳು.

ದೊಡ್ಡದು ಬಂದದ್ದು ಚಳಿಗಾಲದ ಒಂದು ಬೆಳಿಗ್ಗೆ, ಪ್ರಾರ್ಥನೆಯ ಹೊತ್ತಿಗೆ. ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಎಂದಿನಂತೆ ಎದೆ ಉಬ್ಬಿಸಿ "ಸಾವಧಾನ್" ಎಂದು ಕೂಗಲು ಹೋದವಳು "ಸಾವ" ಎಂಬಲ್ಲಿಗೇ ನಿಂತಳು. ಬಲಕ್ಕೆ ವಾಲಿದಳು. ನಿಧಾನವಾಗಿ, ಯಾರೋ ಭುಜ ಹಿಡಿದು ಕೂರಿಸಿದಂತೆ ನೆಲದ ಮೇಲೆ ಕೂತುಬಿಟ್ಟಳು. ಏನೋ ತಮಾಷೆ ಮಾಡುತ್ತಿದ್ದಾರೆ ಎಂದು ಮುಂದಿನ ಸಾಲಿನ ಹುಡುಗಿಯರು ಕಿಲಕಿಲ ನಕ್ಕರು. ಆ ಸಲ ಕೈ ಮರಳಿ ಬರಲಿಲ್ಲ, ಕಾಲೂ ಬರಲಿಲ್ಲ.

ಯಮನೂರಪ್ಪ ಅದೇ ದಿನ ಬಂದು ತಂಗಿಯನ್ನು ಊರಿಗೆ ಕರೆದೊಯ್ದ. ಲಕ್ವಾಕ್ಕೆ ಔಷಧ ಕೊಡುವ ಒಬ್ಬ ಮುದುಕನಿದ್ದ. ಎಣ್ಣೆ ತಿಕ್ಕಿದರು, ಕಷಾಯ ಕುಡಿಸಿದರು, ಪಾರಿವಾಳ ಕೊಯ್ದು ಬಿಸಿ ರಕ್ತವನ್ನು ಬಲಗೈಗೂ ಬಲಗಾಲಿಗೂ ಹಚ್ಚಿದರು. ನಾನು ನೋಡಲು ಹೋದಾಗ ಒಣಗಿದ ರಕ್ತ ಅವಳ ಉಗುರಿನ ಸಂದಿಯಲ್ಲಿ ಕಪ್ಪಾಗಿ ಉಳಿದಿತ್ತು. ಮಾತು ತಡವರಿಸುತ್ತಿದ್ದರೂ ಬುದ್ಧಿ ಚುರುಕಾಗಿಯೇ ಇತ್ತು. ಒಂದೊಂದೇ ಶಬ್ದ ಹುಡುಕಿ ಜೋಡಿಸಿ ಹೇಳಿದಳು: "ಆ ಪಾರಿವಾಳ... ನನಕಿಂತ ಛಲೋ... ಹಾರತಿತ್ತು ಅಕ್ಕಾರ."

ಯಮನೂರಪ್ಪನನ್ನು ನಾನು ದೂರಲಾರೆ. ಮನೆಯ ಹೊರಗೆ ನಿಂತು ಅವನು, "ಕಲಿತ ಡಾಕ್ಟರು ಏನೂ ಇಲ್ಲಂದ್ರು, ಈ ಮುದುಕ ಏನೋ ಐತಿ ಅಂದ. ನಾ ಯಾರ ಮಾತು ಕೇಳಬೇಕಿತ್ರೀ?" ಎಂದ. ಮರುದಿನ ಕೊಪ್ಪಳಕ್ಕೆ ಹೋದೆವು. ಅಲ್ಲಿಯ ಒಬ್ಬ ಎಳೆಯ ಡಾಕ್ಟರು ಎಲ್ಲವನ್ನೂ ಮೊದಲಿನಿಂದ ಕೇಳಿ, ಇಲ್ಲಿ ಹೊತ್ತು ಕಳೆಯಬೇಡಿ, ಹುಬ್ಬಳ್ಳಿಗೆ ಹೋಗಿ ತಲೆಯ ರಕ್ತನಾಳಗಳ ಫೋಟೋ ತೆಗೆಸಿ ಎಂದು ಕಳಿಸಿದರು.

ಹುಬ್ಬಳ್ಳಿಯ ನರರೋಗದ ಡಾಕ್ಟರು ನಡುವಯಸ್ಸಿನ ಹೆಂಗಸು. ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. "ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳು ಎರಡೂ ಕಡೆ ತಾವೇ ತಾವಾಗಿ ಸಣ್ಣಗಾಗುತ್ತಾ ಮುಚ್ಚಿಕೊಳ್ಳುತ್ತಾ ಬಂದಿವೆ. ರಕ್ತ ಸಾಲದೆ ಸುತ್ತಮುತ್ತ ಕೂದಲೆಳೆಯಂಥ ನೂರಾರು ನಾಳಗಳು ಹುಟ್ಟಿಕೊಂಡಿವೆ. ನೋಡಿ, ಹೊಗೆ ಎದ್ದ ಹಾಗೆ ಕಾಣುತ್ತದಲ್ಲ? ಜಪಾನಿನವರು ಇದಕ್ಕೆ ಮೊಯಾಮೊಯಾ ಅಂತ ಹೆಸರಿಟ್ಟಿದ್ದಾರೆ. ಹೊಗೆಯ ಸುರುಳಿ ಅಂತ ಅರ್ಥ. ನಮ್ಮಲ್ಲಿ ಅಪರೂಪ. ಯಾಕೆ ಬರುತ್ತದೆ ಅಂತ ಇನ್ನೂ ಯಾರಿಗೂ ಪೂರ್ತಿ ತಿಳಿದಿಲ್ಲ."

ನಿಜಕ್ಕೂ ಬೂದು ಬಣ್ಣದ ಹೊಗೆಯೇ ಅದು. ನನಗೆ ನಮ್ಮ ಗಂಗಾವತಿಯ ಕಡೆಯ ಗದ್ದೆಗಳು ಕಣ್ಣ ಮುಂದೆ ಬಂದವು. ದೊಡ್ಡ ಕಾಲುವೆ ಹೂಳು ತುಂಬಿ ನಿಂತರೆ ಕೊನೆಯ ಗದ್ದೆಯ ರೈತರು ಸನಿಕೆ ಹಿಡಿದು ಅಲ್ಲಲ್ಲಿ ಸಣ್ಣ ಸಣ್ಣ ಹರಿ ತೋಡಿಕೊಳ್ಳುತ್ತಾರೆ. ಆ ಹರಿಯ ನೀರಿನಿಂದ ಸಸಿ ಸಾಯದಿರಬಹುದು, ಬೆಳೆ ಬರುವುದಿಲ್ಲ.

"ಈ ಸಣ್ಣ ನಾಳಗಳು ಬಹಳ ಸೂಕ್ಷ್ಮ," ಎಂದರು ಡಾಕ್ಟರು. "ಜೋರಾಗಿ ಉಸಿರು ಬಿಟ್ಟರೆ ಮಿದುಳಿನ ನಾಳಗಳು ಕುಗ್ಗುತ್ತವೆ. ನಮಗಾದರೆ ಅದು ಗೊತ್ತೇ ಆಗುವುದಿಲ್ಲ. ಇವರಿಗೆ ಅಷ್ಟೇ ಸಾಕು, ಒಂದು ಭಾಗಕ್ಕೆ ರಕ್ತ ನಿಂತುಹೋಗುತ್ತದೆ. ಅದಕ್ಕೇ ಸೀಟಿ ಊದಿದಾಗ ಕೈ ಬಿದ್ದದ್ದು. ಇನ್ನು ಮೇಲೆ ಏನನ್ನೂ ಊದಬಾರದು. ಬಿಸಿ ಚಹಾ ಕೂಡ ಊದಿ ಕುಡಿಯಬಾರದು. ಏದುಸಿರು ಬರುವ ಹಾಗೆ ಓಡಬಾರದು. ಬಿಕ್ಕಿ ಬಿಕ್ಕಿ ಅಳಬಾರದು."

ಹುಲಿಗೆಮ್ಮ ಅರ್ಧ ಬಾಯಿಯಲ್ಲಿ ನಕ್ಕಳು. "ಡಾಕ್ಟ್ರ... ನನ್ನ ನೌಕರಿನ... ಅದು."

ಡಾಕ್ಟರು ನಗಲಿಲ್ಲ. ತಲೆಯ ಚರ್ಮದ ಕೆಳಗಿನ ಒಂದು ರಕ್ತನಾಳವನ್ನು ಬುರುಡೆಯೊಳಗೆ ಇಳಿಸಿ ಮಿದುಳಿನ ನಾಳಕ್ಕೆ ಜೋಡಿಸುವ ಆಪರೇಷನ್ ಇದೆ, ಮೊದಲು ಎಡಕ್ಕೆ, ಅದು ಕೂಡಿಕೊಂಡ ಮೇಲೆ ಕೆಲವು ತಿಂಗಳು ಬಿಟ್ಟು ಬಲಕ್ಕೆ ಎಂದರು. ಹೋದ ಶಕ್ತಿ ಅದರಿಂದ ಮರಳಿ ಬರುವುದಿಲ್ಲ, ಮುಂದೆ ಹೋಗುವುದನ್ನು ತಡೆಯಬಹುದು, ಅಷ್ಟೇ. "ತಡೀಬಹುದು" ಎಂಬ ಮಾತನ್ನು ಯಮನೂರಪ್ಪ ಕೊಠಡಿಯಿಂದ ಹೊರಗೆ ಬಂದ ಮೇಲೆ ಒಬ್ಬನೇ ನಾಲ್ಕಾರು ಸಲ ಹೇಳಿಕೊಂಡ.

ಆಪರೇಷನ್ ಆದ ಮೇಲೆ ಕಾರಿಡಾರಿನಲ್ಲಿ ಅವಳನ್ನು ನಡೆಸಿದರು. ಬೋಳು ತಲೆ, ಕಿವಿಯ ಮೇಲೆ ಹೊಲಿಗೆಯ ಗೆರೆ, ಒಂದು ಕೈ ನರ್ಸಿನ ಹೆಗಲ ಮೇಲೆ. ಎಡಗಾಲು ಇಡುತ್ತಿದ್ದಳು, ಬಲಗಾಲನ್ನು ಎಳೆದು ತಂದು ಅದರ ಪಕ್ಕಕ್ಕೆ ಸೇರಿಸುತ್ತಿದ್ದಳು. ಹೀಗೆ ನಿಧಾನವಾಗಿ ನಡೆಯುವ ಹೆಂಗಸು ಯಾರೋ ಎಂದು ಒಂದು ಗಳಿಗೆ ನನಗೆ ಗುರುತೇ ಹತ್ತಲಿಲ್ಲ.

ರಜೆ ಮುಗಿಸಿ ಶಾಲೆಗೆ ಬಂದಳು. ಮೈದಾನದ ಬೇವಿನ ಮರದ ಕೆಳಗೆ ಅವಳಿಗೊಂದು ಕುರ್ಚಿ ಹಾಕಿಸಿದೆವು. ಸೀಟಿಯ ಬದಲು ಎಡಗೈಯಿಂದ ತೊಡೆಯನ್ನು ತಟ್ಟಿ ಸದ್ದು ಮಾಡುತ್ತಿದ್ದಳು. ಆದರೆ ಶಬ್ದಗಳು ಅವಳಿಗೆ ಕೈಕೊಡುತ್ತಿದ್ದವು. ಎಡಕ್ಕೆ ಎನ್ನಲು ಹೋಗಿ ಬಲಕ್ಕೆ ಎನ್ನುತ್ತಿದ್ದಳು. ಸಂಗಪ್ಪನ ಮಗಳನ್ನು ಬೇರೊಬ್ಬಳ ಹೆಸರಿಂದ ಕರೆದಳು. ಹುಡುಗಿಯರು ತಿದ್ದಲಿಲ್ಲ. ಯಾರ ಹೆಸರು ಕರೆದರೂ ಅವಳ ಬೆರಳು ಯಾರ ಕಡೆ ಇದೆಯೋ ಅವಳು ಏಳುತ್ತಿದ್ದಳು. ಇದು ಹುಲಿಗೆಮ್ಮನಿಗೆ ಕೆಲವು ದಿನಗಳಲ್ಲೇ ತಿಳಿಯಿತು. ಆಮೇಲೆ ಅವಳು ಕೂಗುವುದನ್ನೇ ಕಡಿಮೆ ಮಾಡಿದಳು. ಆ ವರ್ಷ ಕುಷ್ಟಗಿಯಲ್ಲಿ ನಮ್ಮವರು ಮೊದಲ ಸುತ್ತಿನಲ್ಲೇ ಸೋತರು. ಬಸ್ಸಿಳಿದು ಹುಡುಗಿಯರು ಅವಳ ಮನೆಯ ಮುಂದೆ ತಲೆ ತಗ್ಗಿಸಿ ನಿಂತಾಗ, "ನಾ... ಸೋತದ್ದು. ನೀವು ಅಲ್ಲ," ಎಂದಳು. ಆ ವಾಕ್ಯ ಮಾತ್ರ ಎಲ್ಲೂ ತಪ್ಪದೆ ಬಂತು.

ಬಲಭಾಗದ ಆಪರೇಷನ್ನಿಗೆ ಹುಬ್ಬಳ್ಳಿಯಿಂದ ದಿನ ಗೊತ್ತುಮಾಡಿ ಹೇಳಿದ್ದರು. ಅದಕ್ಕೆ ಮೊದಲೇ ದುರಗವ್ವ ತೀರಿಕೊಂಡಳು. ಮಗಳ ತಲೆಗೆ ಎಣ್ಣೆ ಹಚ್ಚಲು ಬಟ್ಟಲು ತರುತ್ತೇನೆಂದು ಒಳಗೆ ಹೋದವಳು ಅಲ್ಲೇ ಕುಸಿದಳು. ಮುದುಕಿಯ ಎದೆಬಡಿತ ನಿಂತುಹೋಗಿತ್ತು.

ಹೆಣವನ್ನು ಊರಿಗೆ ಒಯ್ದರು. ನಾನು ಜೀಪಿನಲ್ಲಿ ಹುಲಿಗೆಮ್ಮನ ಪಕ್ಕದಲ್ಲೇ ಕೂತಿದ್ದೆ. ಅವಳ ಎದೆ ಏರತೊಡಗಿದಾಗಲೆಲ್ಲ ಬೆನ್ನ ಮೇಲೆ ಕೈಯಿಟ್ಟು, "ನಿಧಾನಕ್ಕ. ನಿಧಾನಕ್ಕ ಉಸರಾಡವ್ವಾ," ಎನ್ನುತ್ತಿದ್ದೆ. ಅವಳು ತುಟಿ ಬಿಗಿದು ತಲೆಯಾಡಿಸುತ್ತಿದ್ದಳು. ಊರಲ್ಲಿ ಅಂಗಳದ ತುಂಬ ಹೆಂಗಸರು. ನಮ್ಮ ಕಡೆ ಸತ್ತ ಮನೆಯಲ್ಲಿ ಹೆಂಗಸರು ತೀರಿಹೋದವರ ಗುಣಗಳನ್ನು ಹೇಳಿಕೊಂಡು ಹಾಡಿದಂತೆ ಅಳುತ್ತಾರೆ. ಬಂದವರೆಲ್ಲ ಮೊದಲು ಮಗಳ ಕೊರಳಿಗೆ ಬಿದ್ದು ಅಳಬೇಕು, ಮಗಳು ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಅಳಬೇಕು. ಒಬ್ಬಳಾದ ಮೇಲೆ ಒಬ್ಬಳು ಬಂದು ಅವಳನ್ನು ತಬ್ಬಿಕೊಂಡು, "ಹೋದ್ಲಲ್ಲೇ ನಿಮ್ಮವ್ವಾ, ಆಡಿನ ಹಿಂದ ಅಡ್ಡಾಡಿ ನಿನ್ನ ಸಾಲಿ ಕಲಿಸಿದಾಕಿ," ಎಂದು ಬಾಯಿ ಬಡಿದುಕೊಂಡರು. ಹುಲಿಗೆಮ್ಮ ಗೋಡೆಗೆ ಒರಗಿ, ಮೂಗಿನಿಂದ ಸಣ್ಣಗೆ ಉಸಿರು ತೆಗೆಯುತ್ತಾ, ಬಿಡುತ್ತಾ, ತಾಯಿಯ ಪಾದಗಳನ್ನು ನೋಡುತ್ತಾ ಕೂತಿದ್ದಳು.

ದೂರದ ಸಂಬಂಧದ ಒಬ್ಬ ಹಿರಿಯಳು ಅವಳ ಗದ್ದ ಹಿಡಿದು ಎತ್ತಿ, "ಅಳವ್ವಾ, ಒಮ್ಮೆ ಅತ್ತುಬಿಡು. ಎದಿ ಹಗುರಾಕೈತಿ," ಎಂದಳು.

"ಅಕಿ ಅಳಬಾರದ್ರೀ ಅಮ್ಮಾ. ಡಾಕ್ಟರು ಬ್ಯಾಡ ಅಂದಾರ," ಎಂದೆ ನಾನು.

"ಹೆತ್ತವ್ವ ಸತ್ರ ಅಳಬ್ಯಾಡ ಅನ್ನೂ ಡಾಕ್ಟರು ಎಂಥವನಬೇ?" ಮುದುಕಿ ಕೈಕೊಡವಿ ಎದ್ದಳು. ಸ್ವಲ್ಪ ಆಚೆ ಹೋಗಿ ಇನ್ನೊಬ್ಬಳಿಗೆ, ಕೇಳಲೆಂದೇ, "ನೌಕರಿ ಮಾಡೂ ಮಗಳು. ಕಲ್ಲೆದಿ ಆಗೈತಿ," ಎಂದಳು.

ಹುಲಿಗೆಮ್ಮನಿಗೆ ಅದು ಕೇಳಿಸಿತು. ನನ್ನ ಕೈಯನ್ನು ಎಡಗೈಯಿಂದ ಹಿಡಿದಿದ್ದಳಲ್ಲ, ಆ ಹಿಡಿತ ಎಷ್ಟು ಬಿಗಿಯಾಯಿತೆಂದರೆ ನನ್ನ ಬಳೆಯೊಂದು ಒಡೆಯಿತು. ಕಣ್ಣಿಂದ ನೀರು ತಾನಾಗಿ ಇಳಿಯುತ್ತಿತ್ತು, ಅದನ್ನು ಅವಳು ತಡೆಯಲಿಲ್ಲ. ಉಸಿರನ್ನು ಮಾತ್ರ ತಡೆದು ಹಿಡಿದಿದ್ದಳು. ಹೆಣ ಎತ್ತುವಾಗ, "ಹೊರಗ... ಒಯ್ರಿ ನನ್ನ," ಎಂದಳು. ಹಿತ್ತಿಲಿಗೆ ಕರೆದೊಯ್ದೆ. ಅಲ್ಲಿ ಆಡಿನ ಗೂಟಕ್ಕೆ ಕಟ್ಟಿದ ಎರಡು ಮರಿಗಳಿದ್ದವು. ಹೆಣದ ಮುಂದೆ ಬಾರಿಸುವ ಹಲಗೆಯ ಸದ್ದು ದೂರವಾಗುವವರೆಗೂ ಅವಳು ಒಂದು ಮರಿಯ ಕಿವಿ ಸವರುತ್ತಾ ನಿಂತಳು. ಆಮೇಲೆ ಹೇಳಿದಳು: "ನಮ್ಮವ್ವನ್ನ... ಅಳದಂಗ... ಕಳಿಸಿದೆ ಅಕ್ಕಾರ."

ಅಷ್ಟೆಲ್ಲ ತಡೆದುಕೊಂಡದ್ದು ಒಂದು ತಿಂಗಳಿಗೂ ಸಾಲಲಿಲ್ಲ. ಅಣ್ಣನ ಮನೆಯಲ್ಲೇ ಇದ್ದಳು. ಮಧ್ಯಾಹ್ನ ಊಟವಾಗಿ, ಪಡಸಾಲೆಯಲ್ಲಿ ಕೂತು ಎಡಗೈಯಿಂದ ಶೇಂಗಾ ಸುಲಿಯುತ್ತಿದ್ದಳಂತೆ. ಊದಿರಲಿಲ್ಲ, ಓಡಿರಲಿಲ್ಲ, ಅತ್ತಿರಲಿಲ್ಲ. ಶೇಂಗಾ ಕೈಯಿಂದ ಉದುರಿತು. ಈ ಸಲ ಎಡಭಾಗ.

ಹುಬ್ಬಳ್ಳಿಯ ಡಾಕ್ಟರು ಹೊಸ ಚಿತ್ರಗಳನ್ನು ಬಹಳ ಹೊತ್ತು ನೋಡಿದರು. ಒಂದೇ ಅಲ್ಲ, ಅಲ್ಲಲ್ಲಿ ಸಣ್ಣ ಸಣ್ಣ ಹೊಡೆತಗಳು ಬಿದ್ದಿವೆ, ಕೆಲವು ಯಾವಾಗ ಬಿದ್ದವೆಂದು ನಿಮಗೂ ಗೊತ್ತಾಗಿರಲಿಕ್ಕಿಲ್ಲ ಎಂದರು. ಎಡಕ್ಕೆ ಜೋಡಿಸಿದ ನಾಳವೂ ಅಂದುಕೊಂಡಷ್ಟು ಬೆಳೆದಿರಲಿಲ್ಲ. ಈ ಸ್ಥಿತಿಯಲ್ಲಿ ಬಲಕ್ಕೆ ಕೈಹಾಕಿದರೆ ಉಪಯೋಗಕ್ಕಿಂತ ಅಪಾಯವೇ ಹೆಚ್ಚು. ಯಮನೂರಪ್ಪ ಗೋಡೆ ನೋಡುತ್ತಾ ನಿಂತಿದ್ದ. ನಾನು ಹೇಳಿದೆ:

"ಅವಳು ಎಲ್ಲ ಪಥ್ಯ ಮಾಡಿದ್ದಳು ಡಾಕ್ಟರೇ. ತಾಯಿ ಸತ್ತಾಗಲೂ ಅಳಲಿಲ್ಲ."

"ಅವರ ತಪ್ಪು ಏನೂ ಇಲ್ಲ. ರೋಗ ತನ್ನ ಪಾಡಿಗೆ ತಾನು ಮುಂದೆ ಹೋಗಿದೆ."

"ಹಾಗಾದರೆ ಅವತ್ತು ಅತ್ತಿದ್ದರೂ ನಡೆಯುತ್ತಿತ್ತೇ?"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದನ್ನು ಯಾರೂ ಹೇಳಲಿಕ್ಕೆ ಬರುವುದಿಲ್ಲ," ಎಂದರು.

ಶಾಲೆಗೆ ಹೊಸ ದೈಹಿಕ ಶಿಕ್ಷಕರು ಬಂದರು. ಒಳ್ಳೆಯವರು. ಅವರಿಗೆ ವಾಲಿಬಾಲಿನ ಹುಚ್ಚು. ಸಂಗಪ್ಪನ ಮಗಳು ಹತ್ತನೆಯ ತರಗತಿ ಮುಗಿಸಿದಳು. ಅವಳ ಮದುವೆ ಕುದುರುತ್ತಿದೆ ಎಂದು ಕೇಳಿ ನಾನು ಸಂಗಪ್ಪನ ಬಳಿ ಮಾತಾಡಲು ಹೋದೆ. "ಇನ್ನೂ ವಯಸ್ಸಾಗಿಲ್ಲ, ಕಾಲೇಜಿಗೆ ಕಳಸ್ರಿ," ಎಂದೆ. ಅವನು ಗೌರವದಿಂದಲೇ ಚಹಾ ಕೊಡಿಸಿದ. "ಆ ಟೀಚರ್ ಇದ್ದಿದ್ರ ಬ್ಯಾರೆ ಮಾತಾಗ್ತಿತ್ತು ಬಿಡ್ರಿ," ಎಂದ. ಅವಳಂತೆ ಹೊಲದಲ್ಲಿ ಓಡಲು ನನಗೆ ಬರುವುದಿಲ್ಲ. ಬೇರೆ ಏನು ಮಾಡಬೇಕೆಂದೂ ಹೊಳೆಯದೆ ಎದ್ದು ಬಂದೆ.

ಕೊನೆಯ ಸಲ ನಾನು ಹುಲಿಗೆಮ್ಮನನ್ನು ನೋಡಲು ಹೋದದ್ದು ಮಳೆಗಾಲದ ಆರಂಭದಲ್ಲಿ. ಯಲಬುರ್ಗಾದಲ್ಲಿ ಬಸ್ಸಿಳಿದು ಟಂಟಂ ಆಟೋ ಹಿಡಿದು ಹೋದೆ. ಅತ್ತಿಗೆ, ಯಮನೂರಪ್ಪನ ಹೆಂಡತಿ, ಅವಳನ್ನು ಹೊರಸಿನ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ್ದಳು. ತಲೆ ಬಾಚಿ, ಕುಂಕುಮ ಹಚ್ಚಿದ್ದಳು. ಆ ಹೆಂಗಸು ಒಂದು ದಿನವೂ ಬೇಸರ ಮಾಡಿಕೊಳ್ಳದೆ ನೋಡಿಕೊಂಡಳು, ಅದನ್ನು ಇಲ್ಲಿ ಹೇಳಲೇಬೇಕು. ಕೂದಲು ಮತ್ತೆ ಬೆಳೆದು ಹೆಗಲಿಗೆ ಬಂದಿತ್ತು. ಕೈಕಾಲು ಕಡ್ಡಿಯಾಗಿದ್ದವು. ಅಷ್ಟು ಹೊತ್ತಿಗೆ ಅವಳ ಎಲ್ಲ ಮಾತುಗಳೂ ಹೋಗಿದ್ದವು. ಒಂದೇ ಒಂದು ಉಳಿದಿತ್ತು. ಯಾರು ಏನು ಕೇಳಿದರೂ ಅದೊಂದೇ ಬರುತ್ತಿತ್ತು. ಅತ್ತಿಗೆ ನನಗೆ ಬಾಗಿಲಲ್ಲೇ ಹೇಳಿದ್ದಳು, "ಬ್ಯಾರೆ ಮಾತು ಬರಂಗಿಲ್ರಿ ಅಕಿಗೆ. ನೀವು ಮನಸಿಗೆ ಹಚ್ಗೋಬ್ಯಾಡ್ರಿ."

ಹೊರಸಿನ ಪಕ್ಕ ಕೂತೆ. "ಹುಲಿಗೆಮ್ಮಾ, ಉಂಡೇನು?"

"ಆತು," ಎಂದಳು.

"ಎಲ್ಲೆರ ನೋವು ಐತೇನು?"

"ಆತು."

ದನಿ ಮೃದುವಾಗಿತ್ತು, ಸಮಾಧಾನ ಮಾಡುವಂತಿತ್ತು. ಕಣ್ಣುಗಳು ನನ್ನ ಮುಖದ ಮೇಲೆಯೇ ಇದ್ದವು. ನಾನು ಶಾಲೆಯ ಸುದ್ದಿ ಹೇಳಿದೆ. ಬೇವಿನ ಮರದ ಒಂದು ಟೊಂಗೆ ಗಾಳಿಗೆ ಮುರಿದದ್ದು, ಹೆಡ್‌ಮಾಸ್ತರರಿಗೆ ವರ್ಗವಾದದ್ದು. ಸಂಗಪ್ಪನ ಮಗಳ ಸುದ್ದಿ ಹೇಳಲಿಲ್ಲ. ನಡುನಡುವೆ ಅವಳು ತಲೆಯಾಡಿಸುತ್ತಾ "ಆತು... ಆತು" ಎನ್ನುತ್ತಿದ್ದಳು. ಅವಳಿಗೆ ತಿಳಿಯುತ್ತಿದೆಯೋ ಇಲ್ಲವೋ ಎಂಬುದು ನನಗೆ ತಿಳಿಯಲಿಲ್ಲ. ಕಡೆಗೆ ಕೇಳಬಾರದೆಂದುಕೊಂಡಿದ್ದನ್ನು ಕೇಳಿಬಿಟ್ಟೆ.

"ನಾ ಯಾರು? ಗುರ್ತು ಸಿಕ್ತೇನು?"

ಅವಳು ನನ್ನನ್ನು ನೋಡಿದಳು. ತುಟಿಗಳು ಕೂಡಿದವು, ಬಿಟ್ಟವು. ಗಂಟಲಲ್ಲಿ ಏನೋ ಹೊರಳಿತು. ಹಣೆಯ ಮೇಲೆ ಸಣ್ಣಗೆ ಬೆವರೊಡೆಯಿತು. ಬೇರೊಂದು ಶಬ್ದಕ್ಕಾಗಿ ಅವಳು ತನ್ನೊಳಗೆಲ್ಲ ಹುಡುಕಾಡುತ್ತಿರುವುದು ನನಗೆ ಕಾಣುತ್ತಿತ್ತು. ನಾನು ಅವಳ ಕೈ ಹಿಡಿದು, "ಇರಲಿ ಬಿಡು, ಇರಲಿ ಬಿಡು," ಎಂದೆ.

"ಆತು," ಎಂದಳು.

ಹೊರಗೆ ಟಂಟಂನವನು ಹಾರ್ನ್ ಹೊಡೆಯುತ್ತಿದ್ದ. ಎದ್ದು ನಿಂತೆ. ಪಂಚಮಿ ಹಬ್ಬಕ್ಕೆ ಸೂಟಿ ಸಿಗುತ್ತದೆ, ಆಗ ಬಂದು ಒಂದು ದಿನ ಇದ್ದು ಹೋಗುತ್ತೇನೆ ಎಂದೆ. ಅವಳು ಅದಕ್ಕೂ ಅದೇ ಮಾತು ಹೇಳಿದಳು.

ಪಂಚಮಿಗೆ ಇನ್ನೂ ದಿನವಿರುವಾಗಲೇ ಯಮನೂರಪ್ಪನ ಫೋನು ಬಂತು.